ಒಂದೇ ಸಮವಸ್ತ್ರ, ಎರಡು ಕರಾರು

2021ರ ಫೆಬ್ರುವರಿಯಲ್ಲಿ ಜರ್ಮನಿಯ ಲುಫ್ತಾನ್ಸಾ ವಿಮಾನ ಸಂಸ್ಥೆ ದಿಲ್ಲಿಯಲ್ಲಿ ನೆಲೆಯಿದ್ದ ತನ್ನ 103 ಭಾರತೀಯ ಕ್ಯಾಬಿನ್ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. ಎರಡು ವರ್ಷ ಸಂಬಳವಿಲ್ಲದ ರಜೆಯ ಮೇಲೆ ಹೋಗಿ ಎಂದು ಸಂಸ್ಥೆ ಹೇಳಿತ್ತು. ಮರಳಿದಾಗ ಕೆಲಸ ಇರುತ್ತದೆಂಬ ಖಾತರಿ ಕೊಡಿ ಎಂದು ಅವರು ಕೇಳಿದ್ದರು. ಕೆಲವರದು ಹದಿನೈದು ವರ್ಷ ಮೀರಿದ ಸೇವೆ. ಆದರೆ ಕಾಗದದ ಮೇಲೆ ಅವರೆಲ್ಲ ನಿಗದಿತ ಅವಧಿಯ ಗುತ್ತಿಗೆ ನೌಕರರು.

ಅದಕ್ಕೂ ಎಂಟು ತಿಂಗಳ ಮೊದಲು, 2020ರ ಜೂನ್‌ನಲ್ಲಿ, ಇದೇ ಸಂಸ್ಥೆ ಜರ್ಮನಿಯ ಕ್ಯಾಬಿನ್ ಸಿಬ್ಬಂದಿಯ ಯೂನಿಯನ್ 'ಯುಫೋ' ಜೊತೆ ಒಪ್ಪಂದ ಮಾಡಿಕೊಂಡಿತ್ತು. ಸಂಬಳ, ಕೆಲಸದ ಗಂಟೆಗಳ ಕಡಿತಕ್ಕೆ ನೌಕರರು ಒಪ್ಪಿದರು. ಕೊರೊನಾ ಬಿಕ್ಕಟ್ಟು ಮುಗಿಯುವವರೆಗೆ ಯಾರನ್ನೂ ತೆಗೆಯುವುದಿಲ್ಲ ಎಂಬ ಭರವಸೆ ಪಡೆದರು. ಜರ್ಮನ್ ಸರ್ಕಾರ 900 ಕೋಟಿ ಯೂರೊ ನೆರವು ಘೋಷಿಸಿ ಸಂಸ್ಥೆಯ ಬೆನ್ನಿಗೆ ನಿಂತಿತು. ದಿಲ್ಲಿಯವರು ಈ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ವಿಮಾನದೊಳಗೆ ಇಬ್ಬರದೂ ಒಂದೇ ಸಮವಸ್ತ್ರ, ಇಬ್ಬರೂ ತಳ್ಳುವುದು ಒಂದೇ ಟ್ರಾಲಿ. ಮೊಮ್ಮಗನನ್ನು ನೋಡಲು ಮೊದಲ ಸಲ ಹೊರದೇಶಕ್ಕೆ ಹೊರಟ ಅಜ್ಜಿಗೆ ಸೀಟ್ ಬೆಲ್ಟ್ ಹಾಕಿಕೊಟ್ಟು, ಈ ಊಟದಲ್ಲಿ ಮೊಟ್ಟೆ ಇಲ್ಲ ಎಂದು ಅವಳ ಭಾಷೆಯಲ್ಲೇ ಹೇಳಿ, ಅವಳು ನಂಬಿ ತುತ್ತು ಎತ್ತುವವರೆಗೂ ಪಕ್ಕದಲ್ಲಿ ನಿಲ್ಲುವವರು ಇಲ್ಲಿನವರು. ಸಂಸ್ಥೆಗೆ ಇವರು ಬೇಕಾಗಿರುವುದು ಭಾಷೆಗೂ ಹೌದು, ಕಡಿಮೆ ಸಂಬಳಕ್ಕೂ ಹೌದು.

ಈ ಎರಡನೆಯ ಕಾರಣವೇ ತವರಿನ ಯೂನಿಯನ್‌ಗಳ ನಿದ್ದೆಗೆಡಿಸುವುದು. ಹೊರದೇಶದ ಬೇಸ್ (ಸಿಬ್ಬಂದಿಯ ನೆಲೆ) ಬೆಳೆದಷ್ಟೂ ನಮ್ಮ ಹಾರಾಟದ ಗಂಟೆ ಕಡಿಮೆಯಾಗುತ್ತದೆ ಎಂಬ ಅವರ ಆತಂಕ ಸುಳ್ಳಲ್ಲ. ಹಾಗಾಗಿ ಲೇಆಫ್ ಬಂದಾಗ ಮೊದಲು ಹೊರಗಿನವರು ಹೋಗಲಿ ಎಂಬ ಮಾತು ಬರುತ್ತದೆ. 2020ರ ಅಕ್ಟೋಬರ್ 1ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 13,000ಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳಿಸಿತು. ಅವರನ್ನು ಸೇವಾ ಹಿರಿತನದ ಪ್ರಕಾರ ಮರಳಿ ಕರೆಸಿಕೊಳ್ಳಬೇಕೆಂಬ ಕರಾರಿತ್ತು. ಹಾಂಗ್‌ಕಾಂಗ್, ಟೋಕಿಯೊದ ನರೀತಾ, ಫ್ರಾಂಕ್‌ಫರ್ಟ್ ಬೇಸ್‌ಗಳನ್ನು ಮಾತ್ರ ಆ ಹೊತ್ತಿಗೆ ಮುಚ್ಚಿಯೇಬಿಟ್ಟಿತು. ಅಲ್ಲಿದ್ದ ಸುಮಾರು 840 ಜನರಲ್ಲಿ ಅಮೆರಿಕದಲ್ಲಿ ದುಡಿಯಲು ಪರವಾನಗಿ ಇಲ್ಲದವರಿಗೆ ದಾರಿಯೇ ಉಳಿಯಲಿಲ್ಲ. ಬೇಸ್ ಇಲ್ಲದ ಮೇಲೆ ಮರಳಿ ಕರೆಯುವುದಾದರೂ ಎಲ್ಲಿಗೆ?

ವಿಜಯಪುರ ಜಿಲ್ಲೆಯ ಕೊಲ್ಹಾರದ ಓದುಗರಿಗೆ ಇದು ದೂರದ ಸುದ್ದಿಯಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟ ಸೀಮೆ ಇದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಗೋವಾ, ಪುಣೆ, ಮುಂಬೈಗೆ ಗುಳೆ ಹೋದವರು 2020ರ ಲಾಕ್‌ಡೌನ್‌ನಲ್ಲಿ ಹೇಗೆ ಗಂಟು ಕಟ್ಟಿಕೊಂಡು ಬಂದರೆಂಬುದನ್ನು ಜಿಲ್ಲೆ ಕಣ್ಣಾರೆ ಕಂಡಿದೆ. ಕೆಲಸ ನಿಂತರೆ ಮೊದಲು ಹೊರಬೀಳುವವನು ಪರಊರಿನವನು.

ಒಳಗಿನವರು, ಹೊರಗಿನವರು ಎಂಬ ಈ ಗೆರೆಯನ್ನು ನಮ್ಮ ಕಾನೂನೂ ಎಳೆದಿದೆ. 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25-ಜಿ ಕಲಂ, ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಎನ್ನುತ್ತಿತ್ತು. ಆ ರಕ್ಷಣೆ ಭಾರತದ ಪ್ರಜೆಗೆ ಮಾತ್ರ ಇತ್ತು. 1984ರ ತಿದ್ದುಪಡಿಯಂತೂ ಅವಧಿ ಮುಗಿದ ಗುತ್ತಿಗೆಯನ್ನು ನವೀಕರಿಸದಿರುವುದು ವಜಾ ಅಲ್ಲವೇ ಅಲ್ಲ ಎಂದುಬಿಟ್ಟಿತು. ಹದಿನೈದು ವರ್ಷ ದುಡಿದವರನ್ನೂ ಗುತ್ತಿಗೆಯಲ್ಲೇ ಇಟ್ಟುಕೊಳ್ಳುವ ಕಂಪನಿಗೆ ಇದಕ್ಕಿಂತ ಅನುಕೂಲ ಬೇಕೆ?

ಆದರೆ ಮೊದಲು ಹೊರಗಿನವರು ಹೋಗಲಿ ಎನ್ನುವ ತವರಿನ ಯೂನಿಯನ್‌ಗಳು ಇಲ್ಲಿ ಲೆಕ್ಕ ತಪ್ಪುತ್ತಿವೆ. ಹೊರದೇಶದ ಸಿಬ್ಬಂದಿಯನ್ನು ತೆಗೆಯುವುದು ಸುಲಭ ಎಂಬ ಕಾರಣಕ್ಕೇ ಅವರು ಕಂಪನಿಗೆ ಅಗ್ಗ. ಆ ಸೌಲಭ್ಯ ಇರುವವರೆಗೆ ಬಿಕ್ಕಟ್ಟು ಮುಗಿದೊಡನೆ ಮತ್ತೊಂದು ಬೇಸ್ ತೆರೆಯುತ್ತದೆ, ತವರಿನವರ ಕೆಲಸಕ್ಕೆ ಮತ್ತೆ ಕುತ್ತು ಬರುತ್ತದೆ. ಹಡಗಿನ ಕಾರ್ಮಿಕರು ಇದನ್ನು ಬಹಳ ಹಿಂದೆಯೇ ಅರಿತರು. ಅಗ್ಗದ ದೇಶದ ಧ್ವಜ ಹಾರಿಸುವ ಹಡಗುಗಳ ವಿರುದ್ಧ ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ 1948ರಲ್ಲೇ ಚಳವಳಿ ಹೂಡಿತು. ನಾವಿಕ ಯಾವ ದೇಶದವನಾದರೂ ಕನಿಷ್ಠ ಸಂಬಳ ಸಿಗಬೇಕೆಂದು ಪಟ್ಟುಹಿಡಿಯಿತು. 2006ರ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಆಕಾಶದಲ್ಲಿ ದುಡಿಯುವವರಿಗೆ ಅಂಥದ್ದೊಂದು ಒಡಂಬಡಿಕೆ ಇಲ್ಲ.

ನ್ಯಾಯಾಲಯಗಳು ಅಲ್ಲಲ್ಲಿ ಬಾಗಿಲು ತೆರೆದಿವೆ. ಹಾಂಗ್‌ಕಾಂಗ್ ನೆಲೆಯ ತನ್ನ ಸಿಬ್ಬಂದಿಯನ್ನು ಬ್ರಿಟಿಷ್ ಏರ್‌ವೇಸ್ 45ನೇ ವಯಸ್ಸಿಗೇ ನಿವೃತ್ತಿಗೊಳಿಸುತ್ತಿತ್ತು. ಕೆಲಸದ ಒಂದು ಭಾಗ ಬ್ರಿಟನ್ನಿನಲ್ಲಿ ನಡೆಯುವುದರಿಂದ ಅವರು ತಾರತಮ್ಯದ ದೂರನ್ನು ಅಲ್ಲಿಯೇ ಸಲ್ಲಿಸಬಹುದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಹೇಳಿತು.

ಭಾರತ ಸರ್ಕಾರದ ಕೈಯೂ ಖಾಲಿಯಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ, ಲುಫ್ತಾನ್ಸಾ ವಾರಕ್ಕೆ 20 ವಿಮಾನ ಹಾರಿಸುತ್ತಿದ್ದರೆ ನಮ್ಮವರದು ಮೂರು ನಾಲ್ಕೇ ಎಂದು ವಿಮಾನಯಾನ ಮಹಾನಿರ್ದೇಶನಾಲಯ ತಕರಾರು ತೆಗೆದು, ಅನುಮತಿ ಹಿಂಪಡೆದಿತ್ತು. ಸಂಸ್ಥೆ ಅಕ್ಟೋಬರ್ 20ರವರೆಗೆ ಭಾರತದ ಹಾರಾಟವನ್ನೇ ರದ್ದುಮಾಡಬೇಕಾಯಿತು. ನಮ್ಮ ಕಂಪನಿಗಳ ಪಾಲಿಗಾಗಿ ತೋರಿದ ಆ ಬಿಗಿಯನ್ನು ನಮ್ಮ ಸಿಬ್ಬಂದಿಗಾಗಿಯೂ ತೋರಿಸಬಹುದು. ವಿದೇಶಿ ಸಂಸ್ಥೆಗಳಿಗೆ ಹಾರಾಟದ ಹಕ್ಕು ಕೊಡುವ ದ್ವಿಪಕ್ಷೀಯ ಒಪ್ಪಂದಗಳಲ್ಲೇ ಷರತ್ತು ಸೇರಲಿ: ಇಲ್ಲಿ ನೇಮಿಸಿಕೊಂಡವರ ಹೆಸರು ತವರಿನ ಸಿಬ್ಬಂದಿಯ ಹಿರಿತನದ ಪಟ್ಟಿಯಲ್ಲೇ ಇರಬೇಕು, ಇಷ್ಟು ವರ್ಷ ದುಡಿದ ಮೇಲೆ ಗುತ್ತಿಗೆ ಕಾಯಂ ಆಗಬೇಕು. ವಿಜಯಪುರ ಬಳಿಯ ಬುರಣಾಪುರದಲ್ಲಿ ನೂರಾರು ಎಕರೆ ಭೂಮಿ ವಿಮಾನ ನಿಲ್ದಾಣಕ್ಕೆ ಹೋಗಿದೆ. ಈ ಕೆಲಸದ ಕನಸು ಕಾಣುವ ಮಕ್ಕಳು ಜಿಲ್ಲೆಯಲ್ಲಿ ಹೆಚ್ಚಲಿದ್ದಾರೆ. ಅವರು ಸಹಿ ಹಾಕುವ ಕರಾರಿನಲ್ಲಿ ಈ ಎರಡು ಸಾಲು ಇರುವಂತೆ ಮಾಡಲು ಕಾಲ ಇನ್ನೂ ಮಿಂಚಿಲ್ಲ.