ಎಂಟು ದೀಪಗಳ ಪಾಠ

ಜಾತ್ರೆಯ ತೇರಿಗೆ, ಮದುವೆಯ ಹಂದರಕ್ಕೆ, ಹೊಸ ಮನೆಯ ಮುಂಬಾಗಿಲಿಗೆ ಬಣ್ಣದ ದೀಪಗಳ ಸರ ಕಟ್ಟುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಜನರು ‘ಸೀರಿಯಲ್ ಸೆಟ್’ ಎಂದು ಕರೆಯುವ ಈ ಸರವನ್ನು ಯಾದಗಿರಿ, ಶಹಾಪುರ, ಸುರಪುರದ ಮಕ್ಕಳೆಲ್ಲ ಬಲ್ಲರು. ಆದರೆ ಅದು ಹೇಗೆ ಬೆಳಗುತ್ತದೆ ಎಂದು ಕೇಳುವ ಮಕ್ಕಳು ಕಡಿಮೆ. ಕೇಳಿದರೆ ಹೇಳುವ ಹಿರಿಯರು ಇನ್ನೂ ಕಡಿಮೆ. ಈ ತಿಂಗಳು ನಾವು ಓದುಗ ಬಂಧುಗಳ ಮುಂದಿಡುತ್ತಿರುವುದು ಮಕ್ಕಳು ತಾವೇ ಜೋಡಿಸಿ, ತಾವೇ ಅಪ್ಪಣೆ ಕೊಟ್ಟು ಬೆಳಗಿಸಬಹುದಾದ ಎಂಟು ದೀಪಗಳ ವಿಷಯವನ್ನು.

ಮೊದಲು ಹಳೆಯ ಸರದ ಗುಟ್ಟನ್ನು ತಿಳಿಯೋಣ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಆರು ವೋಲ್ಟಿನ ಸಣ್ಣ ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋದರೆ, ಸುಮಾರು 38 ಬಲ್ಬುಗಳು ಸೇರಿ ಆ ಭಾರವನ್ನು ಹಂಚಿಕೊಳ್ಳುತ್ತವೆ. ಒಂದು ಕೆಟ್ಟರೆ ದಾರಿ ಕಡಿದು ಎಲ್ಲವೂ ಆರುತ್ತವೆ. ಬಲ್ಬು ಆರು ವೋಲ್ಟಿನದಾದರೂ ತಂತಿಯಲ್ಲಿರುವುದು ಮನೆಯ ವಿದ್ಯುತ್ತೇ ಎಂಬುದನ್ನು ಮರೆಯಲಾಗದು. ತೆಳುವಾದ ಹೊದಿಕೆ ಹರಿದ ಕಡೆ ಒದ್ದೆ ಕೈ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಅಂತಹ ಸರವನ್ನು ಬಿಚ್ಚಿ ಕಲಿಯುವುದು ಮಕ್ಕಳಿಗೆ ತಕ್ಕದ್ದಲ್ಲ.

ನಾವು ಹೇಳಹೊರಟ ದೀಪಗಳು ಕೇವಲ 5 ವೋಲ್ಟಿನವು. ಮೊಬೈಲು ಚಾರ್ಜರು ಕೊಡುವಷ್ಟೇ ಶಕ್ತಿ ಇವಕ್ಕೆ ಸಾಕು. ಡಬ್ಲ್ಯುಎಸ್2812ಬಿ ಎಂಬ ಹೆಸರಿನಲ್ಲಿ ದೊರೆಯುವ ಈ ಪುಟ್ಟ ಎಲ್‌ಇಡಿಯ ಅಗಲ 5 ಮಿಲಿಮೀಟರು, ಉದ್ದವೂ ಅಷ್ಟೇ. ಅದರೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳೂ ಅವನ್ನು ಆಳುವ ಒಂದು ಚಿಪ್ಪೂ ಅಡಗಿವೆ. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಲು ವಿಜ್ಞಾನಿಗಳು ಬಹುಕಾಲ ಶ್ರಮಿಸಬೇಕಾಯಿತು. ಆ ಸಾಧನೆಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಈ ದೀಪಗಳ ವಿಶೇಷವೆಂದರೆ ಒಂದೇ ತಂತಿಯ ಮೂಲಕ ಪ್ರತಿಯೊಂದು ದೀಪಕ್ಕೂ ಬೇರೆ ಬೇರೆ ಅಪ್ಪಣೆ ಕೊಡಬಹುದು. ಇದು ಹೇಗೆ ಸಾಧ್ಯ? ಊಟದ ಪಂಕ್ತಿಯನ್ನು ನೆನೆಯಿರಿ. ಎಂಟು ಜನ ಸಾಲಾಗಿ ಕುಳಿತಿದ್ದಾರೆ. ಮೊದಲನೆಯವರ ಕೈಗೆ 24 ರೊಟ್ಟಿಗಳ ಬುಟ್ಟಿ ಬರುತ್ತದೆ. ಅವರು ತಮ್ಮ ಪಾಲಿನ ಮೂರನ್ನು ತೆಗೆದುಕೊಂಡು ಬುಟ್ಟಿಯನ್ನು ಪಕ್ಕದವರಿಗೆ ದಾಟಿಸುತ್ತಾರೆ; ಅವರೂ ಮೂರನ್ನು ತೆಗೆದುಕೊಂಡು ಮುಂದೆ ಕಳಿಸುತ್ತಾರೆ. ಎಂಟನೆಯವರ ಬಳಿಗೆ ಬರುವಾಗ ಬುಟ್ಟಿಯಲ್ಲಿ ಉಳಿದಿರುವುದು ಅವರ ಪಾಲು ಮಾತ್ರ. ಎಲ್ಲರಿಗೂ ಎಡೆಯಾಗುವ ತನಕ ಯಾರೂ ತುತ್ತು ಎತ್ತುವುದಿಲ್ಲ. ದೀಪಗಳ ಸಾಲಿನಲ್ಲಿಯೂ ಇದೇ ಕ್ರಮ. ಪ್ರತಿ ದೀಪವೂ ಮೂರು ಸಂಖ್ಯೆಗಳನ್ನು ತನಗಾಗಿ ಇಟ್ಟುಕೊಂಡು ಉಳಿದುದನ್ನು ಮುಂದಕ್ಕೆ ಕಳಿಸುತ್ತದೆ. ಕಳಿಸುವುದು ನಿಂತು ಕ್ಷಣಮಾತ್ರ ಮೌನ ಆವರಿಸಿದಾಗ ಎಲ್ಲ ದೀಪಗಳೂ ಒಮ್ಮೆಗೇ ಹೊಸ ಬಣ್ಣ ತಾಳುತ್ತವೆ. ಒಂದು ದೀಪದ ಪಾಲು ಸಾಗಲು 30 ಮೈಕ್ರೋಸೆಕೆಂಡು ಬೇಕು. ಎಂಟಕ್ಕೆ 240 ಮೈಕ್ರೋಸೆಕೆಂಡು. ಎಂದರೆ ಸೆಕೆಂಡಿನ ನಾಲ್ಕು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ನಡುವಿನ ಒಂದು ದೀಪ ಕೆಟ್ಟರೆ ಬುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಮುಂದಿನವಕ್ಕೆ ಅಪ್ಪಣೆ ತಲುಪದು.

ಆ ಮೂರು ಸಂಖ್ಯೆಗಳು ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣಗಳು. ಪ್ರತಿಯೊಂದೂ 0ಯಿಂದ 255ರವರೆಗೆ ಇರಬಹುದು. 256ನ್ನು ಮೂರು ಸಲ ಗುಣಿಸಿದರೆ ಒಟ್ಟು 1,67,77,216 ಬಣ್ಣಗಳು. ಇಲ್ಲಿ ಮಕ್ಕಳಿಗೆ ಒಂದು ಅಚ್ಚರಿ ಕಾದಿದೆ. ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯ ಕೀರ್ತಿಯನ್ನು ನಾವೆಲ್ಲ ಬಲ್ಲೆವು. ಚಿತ್ರಕಾರನು ಹಳದಿಗೆ ನೀಲಿ ಬೆರೆಸಿ ಹಸಿರನ್ನು ಪಡೆಯುತ್ತಾನೆ. ಬಣ್ಣ ಬೆರೆತಷ್ಟೂ ಕಪ್ಪಿಗೆ ತಿರುಗುತ್ತದೆ. ಬೆಳಕಿನ ನಡೆ ಇದಕ್ಕೆ ವಿರುದ್ಧ. ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿ. ಮೂರೂ ಸೇರಿದರೆ ಬಿಳಿ. ಪುಸ್ತಕದಲ್ಲಿ ಓದಿ ಮರೆಯುವ ಈ ಮಾತನ್ನು ಕಣ್ಣಾರೆ ಕಂಡ ಮಗು ಮರೆಯಲಾರದು.

ಇನ್ನು ಜೋಡಣೆ. ಬೇಕಾಗುವುದು ಎಂಟು ದೀಪಗಳ ಒಂದು ಪಟ್ಟಿ, ಒಂದು ಆರ್ಡುಯಿನೋ ಫಲಕ, ಮೂರು ತಂತಿ ಹಾಗೂ 330 ಓಮ್ಸಿನ ಒಂದು ರೆಸಿಸ್ಟರು. ಆರ್ಡುಯಿನೋ ಎಂಬುದು 2005ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗೆಂದೇ ರೂಪುಗೊಂಡ ಪುಟ್ಟ ಗಣಕಫಲಕ. ಪಟ್ಟಿಯ 5 ವೋಲ್ಟಿನ ತುದಿಯನ್ನು ಫಲಕದ 5 ವೋಲ್ಟಿಗೆ, ಗ್ರೌಂಡನ್ನು ಗ್ರೌಂಡಿಗೆ ಸೇರಿಸಬೇಕು. ಅಪ್ಪಣೆಯ ತಂತಿಯನ್ನು ರೆಸಿಸ್ಟರಿನ ಮೂಲಕ ಫಲಕದ 6ನೆಯ ಪಿನ್ನಿಗೆ ಜೋಡಿಸಬೇಕು. ಪಟ್ಟಿಯ ಮೇಲೆ ಬಾಣದ ಗುರುತಿರುತ್ತದೆ; ಅಪ್ಪಣೆ ಬಾಣ ತೋರುವ ದಿಕ್ಕಿನಲ್ಲಿಯೇ ಸಾಗಬೇಕು. ತಿರುವುಮುರುವಾಗಿ ಕಟ್ಟಿದರೆ ಒಂದೂ ಬೆಳಗದು.

ಶಕ್ತಿಯ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿರಿ. ಒಂದು ದೀಪ ಪೂರ್ಣ ಬಿಳಿಯಾಗಿ ಬೆಳಗಿದರೆ ಸುಮಾರು 60 ಮಿಲಿಆಂಪಿಯರು ಬೇಕು. ಎಂಟಕ್ಕೆ 480. ಗಣಕಯಂತ್ರದ ಸಾಮಾನ್ಯ ಯುಎಸ್‌ಬಿ ಕಿಂಡಿಯ ಮಿತಿ 500. ಅದರಲ್ಲಿ ಫಲಕಕ್ಕೂ ಪಾಲು ಬೇಕು. ಆದುದರಿಂದ ಬೆಳಕಿನ ಪ್ರಮಾಣವನ್ನು 255ರಲ್ಲಿ 50ಕ್ಕೆ ಇಳಿಸುವುದು ಕ್ಷೇಮ, ಕಣ್ಣಿಗೂ ಹಿತ. 60 ದೀಪಗಳ ಪಟ್ಟಿಯನ್ನು ಬಯಸುವವರು 3.6 ಆಂಪಿಯರು ಎಂಬ ಲೆಕ್ಕ ಹಾಕಿ, ಬೇರೆಯದೇ ಆದ 5 ವೋಲ್ಟಿನ ಅಡಾಪ್ಟರನ್ನು ತರಬೇಕು. ಅದರ ಗ್ರೌಂಡನ್ನು ಫಲಕದ ಗ್ರೌಂಡಿಗೆ ತಪ್ಪದೆ ಸೇರಿಸಬೇಕು.

ಬಳಿಕ ಬರುವುದು ಅಪ್ಪಣೆ ಬರೆಯುವ ಕೆಲಸ. ನಿಯೋಪಿಕ್ಸೆಲ್ ಎಂಬ ಸಿದ್ಧ ಗ್ರಂಥಾಲಯವು ಮೈಕ್ರೋಸೆಕೆಂಡುಗಳ ಜವಾಬ್ದಾರಿಯನ್ನು ಹೊತ್ತುಕೊಳ್ಳುತ್ತದೆ. ಮಗು ಕಲಿಯಬೇಕಾದುದು ನಾಲ್ಕೇ ಮಾತು: ಬಿಗಿನ್ ಎಂದರೆ ಆರಂಭಿಸು, ಕ್ಲಿಯರ್ ಎಂದರೆ ಎಲ್ಲವನ್ನೂ ಆರಿಸು, ಸೆಟ್‌ಪಿಕ್ಸೆಲ್‌ಕಲರ್ ಎಂದರೆ ಇಂಥ ದೀಪಕ್ಕೆ ಇಂಥ ಬಣ್ಣ, ಶೋ ಎಂದರೆ ತೋರಿಸು. ಇಲ್ಲಿ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಆರಂಭ. ಎಂಟನೆಯ ದೀಪದ ಸಂಖ್ಯೆ 7. ‘ಶೋ’ ಬರೆಯಲು ಮರೆತರೆ ಉಳಿದ ಅಪ್ಪಣೆಗಳೆಲ್ಲ ಸರಿಯಿದ್ದರೂ ಹೊಸ ಬಣ್ಣ ಕಾಣದು. ಕೆಂಪು ಕೇಳಿದರೆ ಹಸಿರು ಬಂದೀತು. ಈ ದೀಪಗಳು ಹಸಿರಿನ ಸಂಖ್ಯೆಯನ್ನು ಮೊದಲು ಸ್ವೀಕರಿಸುವುದರಿಂದ, ಕ್ರಮವನ್ನು ಜಿಆರ್‌ಬಿ ಎಂದು ಸೂಚಿಸಬೇಕು. ಒಂದು ದೀಪ ಬೆಳಗಿಸು, ತೋರಿಸು, ಸೆಕೆಂಡಿನ ಹತ್ತನೆಯ ಒಂದು ಭಾಗ ಕಾಯು, ಆರಿಸು, ಮುಂದಿನದಕ್ಕೆ ಹೋಗು ಎಂದು ಬರೆದರೆ ಬೆಳಕು ಓಡಿದಂತೆ ಕಾಣುತ್ತದೆ. ಶಹಾಪುರದ ಮಕ್ಕಳು ತಮ್ಮೂರಿನ ಮಲಗಿದ ಬುದ್ಧನ ಬೆಟ್ಟದ ಆಕೃತಿಯನ್ನು ರಟ್ಟಿನಲ್ಲಿ ಕತ್ತರಿಸಿ, ಅಂಚಿಗೆ ದೀಪಗಳನ್ನು ಅಂಟಿಸಿ, ಶಿರದಿಂದ ಪಾದದವರೆಗೆ ಬೆಳಕು ಹರಿಸಬಹುದು.

ಅಲಂಕಾರ ಇಷ್ಟಕ್ಕೆ ಸಾಕು. ಈ ಎಂಟು ದೀಪಗಳಿಂದ ಮನೆಗೆ ಉಪಯುಕ್ತವಾದ ಕೆಲಸವನ್ನೂ ಮಾಡಿಸಬಹುದು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯ ನೀರನ್ನು ಶಹಾಪುರ, ಸುರಪುರ ಭಾಗದ ಎಷ್ಟೋ ರೈತ ಕುಟುಂಬಗಳು ನಂಬಿವೆ. ಎರಡನೆಯ ಬೆಳೆಗೆ ನೀರು ದೊರೆತೀತೇ ಎಂಬ ಚಿಂತೆ ಪ್ರತಿ ವರ್ಷವೂ ಕಾಡುವುದುಂಟು. ಜಲಾಶಯದ ಪೂರ್ಣ ಮಟ್ಟ 492.25 ಮೀಟರು. 485.25 ಮೀಟರಿಗೆ ಒಂದು ದೀಪ, ಅಲ್ಲಿಂದ ಮೀಟರಿಗೊಂದರಂತೆ ಹೆಚ್ಚಿಸಿದರೆ ಜಲಾಶಯ ತುಂಬಿದ ದಿನ ಎಂಟೂ ಬೆಳಗುತ್ತವೆ. ಪತ್ರಿಕೆಯಲ್ಲಿ ಬಂದ ಅಂದಿನ ಮಟ್ಟದಿಂದ 484.25ನ್ನು ಕಳೆದು, ದಶಾಂಶವನ್ನು ಬಿಟ್ಟರೆ ದೀಪಗಳ ಸಂಖ್ಯೆ ಸಿಗುತ್ತದೆ. ಮಟ್ಟ 489.60 ಇದ್ದರೆ ಉಳಿಯುವುದು 5.35, ಬೆಳಗಬೇಕಾದವು ಐದು. ಉತ್ತರ ಸೊನ್ನೆಗಿಂತ ಕಡಿಮೆಯಾದರೆ ಏನು ಮಾಡಬೇಕೆಂಬುದನ್ನೂ ಮಗುವೇ ಯೋಚಿಸಿ ಬರೆಯಲಿ. ಕಳೆಯುವ ಲೆಕ್ಕ, ಋಣಸಂಖ್ಯೆ, ದಶಾಂಶ, ಊರಿನ ಭೂಗೋಳ ಎಲ್ಲವೂ ಈ ಒಂದು ಸಾಲಿನಲ್ಲಿ ಬಂದುಬಿಡುತ್ತವೆ. ಆದರೆ ಒಂದು ಎಚ್ಚರಿಕೆ: ಇದು ನೆರೆಯ ಮುನ್ಸೂಚನೆ ಕೊಡುವ ಉಪಕರಣವಲ್ಲ. ಗೇಟು ತೆರೆದಾಗ ಕೃಷ್ಣೆಯ ದಡದವರು ಕೇಳಬೇಕಾದುದು ಜಿಲ್ಲಾಡಳಿತದ ಮಾತನ್ನೇ.

ಇದಕ್ಕೆಲ್ಲ ಗಣಕಯಂತ್ರ ಬೇಕಲ್ಲವೇ ಎಂದು ತಾಯಂದಿರು ಕೇಳಬಹುದು. ಸಾಮಾನು ಕೊಳ್ಳುವ ಮೊದಲೇ ಟಿಂಕರ್‌ಕ್ಯಾಡ್ ಎಂಬ ಉಚಿತ ಜಾಲತಾಣದಲ್ಲಿ ಫಲಕವನ್ನೂ ದೀಪಗಳನ್ನೂ ಪರದೆಯ ಮೇಲೆಯೇ ಜೋಡಿಸಿ ನೋಡಬಹುದು. ಫಲಕದ ಬೆಲೆಯೂ ಕೆಲವು ನೂರು ರೂಪಾಯಿ ಮಾತ್ರ. ನಾಲ್ಕು ಮನೆಗಳು ಕೂಡಿ ಒಂದನ್ನು ತಂದರೂ ಆದೀತು. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಶನ್ ಮಿಷನ್ 6ರಿಂದ 12ನೆಯ ತರಗತಿಯವರಿಗಾಗಿ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬುಗಳನ್ನು ಕೊಡುತ್ತ ಬಂದಿದೆ. ಮಕ್ಕಳ ಶಾಲೆಯಲ್ಲಿ ಅಂತಹ ಕೋಣೆಯಿದ್ದರೆ ಅದರ ಬೀಗ ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಪಾಲಕರು ವಿನಯದಿಂದ ವಿಚಾರಿಸಲಿ.

2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು. ಎಂಟು ದೀಪಗಳು ಆ ಸ್ಥಾನವನ್ನು ಬದಲಿಸಲಾರವು. ಅಂತಹ ಮಾತನ್ನು ನಾವು ಆಡುವುದೂ ಇಲ್ಲ. ನಮ್ಮ ಮಕ್ಕಳಲ್ಲಿ ಬುದ್ಧಿಯ ಕೊರತೆಯಿಲ್ಲ. ತಪ್ಪು ಮಾಡಿ, ಕಾರಣ ಹುಡುಕಿ, ತಿದ್ದಿಕೊಳ್ಳುವ ಅವಕಾಶ ಅವರಿಗೆ ದೊರೆಯುವುದು ಕಡಿಮೆ. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಮನೆಯಲ್ಲಿ ತಪ್ಪಿದರೆ ಬೈಗುಳ ಬೀಳುತ್ತದೆ. ದೀಪ ಬೈಯುವುದಿಲ್ಲ, ಬೆಳಗುವುದಿಲ್ಲ, ಅಷ್ಟೇ. ಮಗು ಬಾಣದ ಗುರುತನ್ನು ನೋಡುತ್ತದೆ, ತಂತಿಯನ್ನು ಮುಟ್ಟುತ್ತದೆ, ಬರೆದ ಸಾಲನ್ನು ಮತ್ತೆ ಓದುತ್ತದೆ. ಗಂಡುಮಕ್ಕಳಿಗೆ ಮಾತ್ರ ಇದನ್ನು ಕೊಟ್ಟು ಹೆಣ್ಣುಮಕ್ಕಳನ್ನು ಒಲೆಯ ಕಡೆ ಕಳಿಸದಿರಿ. ಇಬ್ಬರನ್ನೂ ಜೊತೆಗೆ ಕೂರಿಸಿರಿ. ಮೊದಲ ದೀಪ ಬೆಳಗುವ ತನಕ ಹಿರಿಯರು ತಾಳ್ಮೆಯಿಂದ ಪಕ್ಕದಲ್ಲಿ ಕುಳಿತಿದ್ದರೆ ಸಾಕು. ಉಳಿದ ಏಳನ್ನು ಮಕ್ಕಳೇ ಬೆಳಗಿಸಿಕೊಳ್ಳುತ್ತಾರೆ.