ಓಟು ಅಂಕಾರಾಕ್ಕೆ, ಸಿಟ್ಟು ಬರ್ಲಿನ್ ಮೇಲೆ

2023ರ ಮೇ 28ರ ರಾತ್ರಿ ಟರ್ಕಿಯ ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿನ ಎಣಿಕೆ ಮುಗಿಯುತ್ತಿದ್ದಂತೆ ಜರ್ಮನಿಯ ಹಲವು ನಗರಗಳಲ್ಲಿ ಕಾರುಗಳು ಸಾಲುಗಟ್ಟಿ ಹಾರ್ನ್ ಬಾರಿಸುತ್ತ ಬೀದಿ ಸುತ್ತಿದವು. ಕಿಟಕಿಯಿಂದ ಹೊರಚಾಚಿದ ಕೈಗಳಲ್ಲಿ ಅರ್ಧಚಂದ್ರದ ಕೆಂಪು ಬಾವುಟ. ಅಧ್ಯಕ್ಷ ಎರ್ಡೊಗಾನ್‌ಗೆ ಒಟ್ಟಾರೆ ಬಿದ್ದದ್ದು ಶೇ 52ರಷ್ಟು ಮತ. ಜರ್ಮನಿಯಲ್ಲಿದ್ದು ಓಟು ಹಾಕಿದವರಲ್ಲಿ ಈ ಪ್ರಮಾಣ ಶೇ 67. ಇಸ್ತಾಂಬುಲ್, ಅಂಕಾರಾ ಎರಡೂ ಎದುರಾಳಿ ಕಿಲಿಚ್‌ದರೊಗ್ಲು ಕಡೆ ವಾಲಿದ್ದವು. ಆ ನಗರಗಳ ಎಷ್ಟೋ ಮನೆಗಳಿಗೆ ಜರ್ಮನಿಯಲ್ಲಿ ಒಬ್ಬ ಚಿಕ್ಕಪ್ಪನೋ ಸೋದರತ್ತೆಯೋ ಇದ್ದೇ ಇರುತ್ತಾರೆ. ಊರಿನವರ ದೂರು ಸರಳ: ಯೂರೊದಲ್ಲಿ ಸಂಬಳ ಎಣಿಸುವ ನಿಮಗೆ ಲಿರಾದ ಕಷ್ಟ ಏನು ಗೊತ್ತು? 2022ರ ಅಕ್ಟೋಬರ್‌ನಲ್ಲಿ ಟರ್ಕಿಯ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ ಶೇ 85 ದಾಟಿತ್ತು. ಲಿರಾ ಕುಸಿದಷ್ಟೂ ಬೇಸಿಗೆ ರಜೆಗೆ ಬರುವ ಜರ್ಮನಿಯ ನೆಂಟರ ಕೈಯಲ್ಲಿ ದುಡ್ಡು ಹಿಗ್ಗುತ್ತದೆ. ಇವರಿಗೆ ಅಲ್ಲಿ ‘ಅಲ್ಮಾನ್ಜಿ’ ಎಂಬ ಹೆಸರೇ ಇದೆ. ‘ಜರ್ಮನಿಯವ’ ಎಂಬರ್ಥದ ಈ ಮಾತಿನಲ್ಲಿ ಅಸೂಯೆ, ಗೇಲಿ ಎರಡೂ ಬೆರೆತಿವೆ.

ಈ ದೂರಿನಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಜರ್ಮನಿಯ ನೆಂಟರು ಟರ್ಕಿಯ ಆಡಳಿತವನ್ನು ತೂಗಿ ನೋಡಿ ಓಟು ಹಾಕಿದರು ಎಂದು ಊರಿನವರು ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಓಟಿನ ದೊಡ್ಡ ಪಾಲು ಅವರು ಬದುಕುತ್ತಿರುವ ದೇಶಕ್ಕೆ ಕೊಟ್ಟ ಉತ್ತರ. 1961ರ ಅಕ್ಟೋಬರ್ 30ರ ಒಪ್ಪಂದದ ಮೇಲೆ ಜರ್ಮನಿ ಈ ಜನರನ್ನು ಕರೆಸಿಕೊಂಡಾಗ ಇಟ್ಟ ಹೆಸರು ‘ಅತಿಥಿ ಕಾರ್ಮಿಕರು’. ಅತಿಥಿ ಎಂದರೆ ಹೊರಡಬೇಕಾದವನು. ಶುರುವಿನಲ್ಲಿ ಎರಡೇ ವರ್ಷದ ಗಡುವಿತ್ತು. ಗಣಿಯಲ್ಲಿ, ಕಾರು ಕಾರ್ಖಾನೆಯಲ್ಲಿ ದುಡಿದವರು ಅಲ್ಲೇ ನೆಲೆಯೂರಿದರು, ಮಕ್ಕಳಾದವು. ಆ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಸಿಗುವ ದಾರಿ ತೆರೆದದ್ದು 2000ದಲ್ಲಿ. ನಡುವೆ, 1993ರಲ್ಲಿ, ಜೋಲಿಂಗೆನ್ ಪಟ್ಟಣದಲ್ಲಿ ಟರ್ಕಿ ಮೂಲದ ಒಂದು ಕುಟುಂಬದ ಮನೆಗೆ ಬೆಂಕಿ ಹಚ್ಚಿದರು, ಐವರು ಸತ್ತರು. 2000ದಿಂದ 2007ರ ನಡುವೆ ಒಂದು ನವನಾಜಿ ಗುಂಪು ಹತ್ತು ಜನರನ್ನು ಕೊಂದಿತು, ಅವರಲ್ಲಿ ಎಂಟು ಮಂದಿ ಟರ್ಕಿ ಮೂಲದವರು. 2011ರಲ್ಲಿ ಗುಟ್ಟು ಬಯಲಾಗುವವರೆಗೆ ಪೊಲೀಸರು ಶಂಕಿಸಿದ್ದು ಸತ್ತವರ ಮನೆಯವರನ್ನೇ. ಪತ್ರಿಕೆಗಳು ಈ ಸಾವುಗಳನ್ನು ‘ಡೋನರ್ ಕೊಲೆಗಳು’ ಎಂದು ಕರೆದವು. ಡೋನರ್ ಎಂದರೆ ರಸ್ತೆ ಬದಿಯ ಅಂಗಡಿಯಲ್ಲಿ ರೊಟ್ಟಿಗೆ ತುಂಬಿ ಕೊಡುವ ಮಾಂಸದ ತಿಂಡಿ. ಸತ್ತವನನ್ನು ತಿಂಡಿಯ ಹೆಸರಿನಲ್ಲಿ ಕರೆಯುವ ನಾಡಿನಲ್ಲಿ, 2008ರಲ್ಲಿ ಕಲೋನ್‌ಗೆ ಬಂದು ‘ನಿಮ್ಮತನವನ್ನು ಅಳಿಸಲು ಹೊರಡುವುದು ಮನುಕುಲದ ಮೇಲಿನ ಅಪರಾಧ’ ಎಂಬರ್ಥದಲ್ಲಿ ಭಾಷಣ ಮಾಡಿದ ಎರ್ಡೊಗಾನ್ ಎಷ್ಟು ಆಪ್ತನಾಗಿ ಕಂಡಿರಬೇಡ!

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ. ಬ್ರಿಟನ್, ಅಮೆರಿಕಗಳಲ್ಲಿ ಮತ ಹಾಕಿದ ಟರ್ಕಿ ಪ್ರಜೆಗಳು ಅದೇ ಸುತ್ತಿನಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಮತವನ್ನು ಕಿಲಿಚ್‌ದರೊಗ್ಲುಗೆ ಕೊಟ್ಟರು. ಆದ್ದರಿಂದ ಜರ್ಮನಿಯ ನಡವಳಿಕೆ ಕಾರಣವಲ್ಲ, ಎಂಥವರು ವಲಸೆ ಹೋದರು ಎಂಬುದೇ ಕಾರಣ ಎನ್ನುವವರಿದ್ದಾರೆ. ಅಮೆರಿಕಕ್ಕೆ ಹೋದವರಲ್ಲಿ ಓದಿದವರು, ವೃತ್ತಿಪರರು ಹೆಚ್ಚು. ಲಂಡನ್ನಿನಲ್ಲಿ ಟರ್ಕಿಯ ಅಲ್ಪಸಂಖ್ಯಾತರಾದ ಕುರ್ದರು, ಅಲೆವಿಗಳು ಹೆಚ್ಚು. ಜರ್ಮನಿಗೆ ಹೋದವರಲ್ಲಿ ಅನಾಟೋಲಿಯದ ಹಳ್ಳಿಗಾಡಿನ ಸಂಪ್ರದಾಯಸ್ಥರು ಬಹಳ. ಒಪ್ಪುತ್ತೇನೆ. ಆದರೆ ಅರವತ್ತು ವರ್ಷಗಳಾದ ಮೇಲೂ ಅಜ್ಜನ ಹಳ್ಳಿಯ ಒಲವು ಉಳಿದಿದೆ ಎಂದರೆ ಬೀಜವೊಂದೇ ಸಾಲದು, ಯಾರೋ ನೀರೆರೆದಿರಬೇಕು. ಒಂದು ಕೊಡ ಅಂಕಾರಾ ಸುರಿಯಿತು: ಅದು ಸಂಬಳ ಕೊಟ್ಟು ಕಳಿಸಿದ ಇಮಾಮರು, ಹೊರನಾಡ ಟರ್ಕರಿಗಾಗಿಯೇ 2010ರಲ್ಲಿ ತೆರೆದ ಇಲಾಖೆ. ಇನ್ನೊಂದನ್ನು ಜರ್ಮನಿ ತಾನೇ ಸುರಿಯಿತು.

ಅಷ್ಟಕ್ಕೂ ಶೇ 67 ಎಂಬ ಅಂಕಿಯನ್ನು ಬಿಡಿಸಿ ನೋಡಬೇಕು. ಜರ್ಮನಿಯಲ್ಲಿ ಟರ್ಕಿಯ ಮತದಾರರು ಸುಮಾರು 15 ಲಕ್ಷ, ಓಟು ಹಾಕಿದವರು ಅದರಲ್ಲಿ ಅರ್ಧದಷ್ಟು. ಎರ್ಡೊಗಾನ್‌ಗೆ ಸಿಕ್ಕಿದ್ದು ಸುಮಾರು 5 ಲಕ್ಷ ಮತ. ಟರ್ಕಿ ಮೂಲದವರು ಅಲ್ಲಿ 30 ಲಕ್ಷದ ಹತ್ತಿರ ಇದ್ದಾರೆ, ಮಕ್ಕಳೂ ಸೇರಿ. ಹಾರ್ನ್ ಹೊಡೆದವರ ಸದ್ದು ಕೇಳಿಸಿತು, ಮನೆಯಲ್ಲೇ ಉಳಿದವರದ್ದು ಕೇಳಿಸಲಿಲ್ಲ. ಅತಿಥಿ ಕಾರ್ಮಿಕರ ಮಗನೇ ಆದ ಜರ್ಮನಿಯ ಆಗಿನ ಸಚಿವ ಜೆಮ್ ಓಜ್ದೆಮಿರ್, ಇವರು ತಮ್ಮ ಆಯ್ಕೆಯ ಪರಿಣಾಮ ಅನುಭವಿಸದೆ ಸಂಭ್ರಮಿಸುತ್ತಿದ್ದಾರೆ ಎಂದು ಗದರಿದ್ದರು. ಹಾಗಾದರೆ ಹೊರಗಿರುವವರಿಗೆ ಮತದ ಹಕ್ಕೇ ಬೇಡವೇ? ಅವರ ಓಟಿನಿಂದ ಫಲಿತಾಂಶ ತಲೆಕೆಳಗಾಗಿದ್ದರೆ ಆ ಮಾತಿಗೆ ತೂಕವಿರುತ್ತಿತ್ತು. ಗೆಲುವಿನ ಅಂತರ ಸುಮಾರು 23 ಲಕ್ಷ. ಹೊರದೇಶಗಳಿಂದ ಬಿದ್ದ ಒಟ್ಟು ಮತ 20 ಲಕ್ಷದೊಳಗೆ. ಅವನ್ನು ಪೂರ್ತಿ ಬದಿಗಿಟ್ಟರೂ ಎರ್ಡೊಗಾನ್ ಗೆಲ್ಲುತ್ತಿದ್ದರು. ಮೇಲಾಗಿ ಊರಿನಲ್ಲಿ ವಯಸ್ಸಾದ ತಾಯಿ, ಕಟ್ಟಿಸಿದ ಮನೆ, ಗಂಡುಮಕ್ಕಳ ತಲೆಯ ಮೇಲೆ ಸೇನಾಸೇವೆಯ ಬಾಧ್ಯತೆ ಇರುವವರಿಗೆ ಆ ದೇಶದ ಗೊಡವೆ ಇಲ್ಲ ಎನ್ನಲಾಗದು.

ನಮ್ಮಲ್ಲಿ ಇದರ ತಿರುವುಮುರುವು. ಭಾರತದಲ್ಲಿ ಅನಿವಾಸಿಗಳು ಖುದ್ದಾಗಿ ಮತಗಟ್ಟೆಗೇ ಬಂದು ಓಟು ಹಾಕಬೇಕು. 2024ರ ಲೋಕಸಭಾ ಚುನಾವಣೆಗೆ ಹೆಸರು ನೋಂದಾಯಿಸಿದ್ದವರು 1,19,374, ಬಂದು ಓಟು ಹಾಕಿದವರು 2,958. ಅವರಲ್ಲಿ 2,670 ಮಂದಿ ಕೇರಳದವರು, ಕರ್ನಾಟಕದವರು ಒಬ್ಬರೂ ಇಲ್ಲ. ಹಾಗೆಂದು ಡಲ್ಲಾಸ್‌ನಲ್ಲಿರುವ ಮಗ, ದಾವಣಗೆರೆಯಲ್ಲಿರುವ ಅಪ್ಪ ರಾಜಕೀಯಕ್ಕಾಗಿ ಮಾತು ಬಿಡುವುದೇನೂ ತಪ್ಪಿಲ್ಲ. ಬಾವುಟಕ್ಕೂ ವಾಟ್ಸ್‌ಆ್ಯಪ್‌ಗೂ ಮತಗಟ್ಟೆ ಬೇಕಿಲ್ಲವಲ್ಲ. ಆ ಮಗನ ಮಾತನ್ನೂ ಡಲ್ಲಾಸ್‌ನ ಆಫೀಸು, ವೀಸಾದ ಸಾಲು ಇವುಗಳ ಜೊತೆಗಿಟ್ಟು ಕೇಳಿಸಿಕೊಂಡರೆ ಅಪ್ಪನಿಗೆ ಬೇರೆಯೇ ಅರ್ಥ ಹೊಳೆಯಬಹುದು.

ನನ್ನ ವಾದ ಸರಿಯೋ ತಪ್ಪೋ ಎಂಬುದಕ್ಕೆ ಪರೀಕ್ಷೆಯೂ ಹತ್ತಿರದಲ್ಲಿದೆ. 2024ರ ಜೂನ್ 27ರಿಂದ ಜರ್ಮನಿ ಪಟ್ಟು ಸಡಿಲಿಸಿದೆ: ಟರ್ಕಿಯ ಪೌರತ್ವ ಬಿಡದೆಯೇ ಈಗ ಜರ್ಮನ್ ಪ್ರಜೆಯಾಗಬಹುದು, ಅದೂ ಐದು ವರ್ಷ ನೆಲೆಸಿದರೆ ಸಾಕು. ಟರ್ಕಿಯ ಮುಂದಿನ ಅಧ್ಯಕ್ಷೀಯ ಚುನಾವಣೆ 2028ಕ್ಕೆ ನಿಗದಿಯಾಗಿದೆ. ಎರಡು ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು ಬರ್ಲಿನ್‌ನ ಕಾನ್ಸುಲೇಟಿನ ಮುಂದೆ ಸಾಲಿನಲ್ಲಿ ನಿಂತವರೂ ಶೇ 67ರ ಲೆಕ್ಕದಲ್ಲೇ ಮುದ್ರೆ ಒತ್ತಿದರೆ, ಅಂಕಾರಾದ ನೆಂಟರು ಹೇಳಿದ್ದೇ ಸರಿ ಎಂದು ನಾನು ಒಪ್ಪಬೇಕಾಗುತ್ತದೆ.