ಮುಖ ಬರೆದವರು, ಮರ ಬೆಳೆಸಿದವರು

ಬಹಳ ವರ್ಷಗಳ ಹಿಂದಿನ ಮಾತು. ವಿಜ್ಞಾನದ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನ ಚಿತ್ರ ಬರೆದಿದ್ದ ಹುಡುಗನೊಬ್ಬನನ್ನು ತರಗತಿಯಲ್ಲಿ ನಿಲ್ಲಿಸಿ ಬೈದಿದ್ದೆ. "ಇದಕ್ಕೆ ಮಾರ್ಕ್ಸ್ ಬರುತ್ತೇನೋ?" ಎಂದೂ ಕೇಳಿದ್ದೆ. ಮೂಗಿನ ತುದಿಗೆ ಜಾರಿದ ನನ್ನ ಕನ್ನಡಕವನ್ನೂ ಅವನು ಬಿಟ್ಟಿರಲಿಲ್ಲ! ಅದೇ ಹುಡುಗ ಪರೀಕ್ಷೆಯಲ್ಲಿ ಬರೆದ ದಾಸವಾಳದ ಚಿತ್ರಕ್ಕೆ ಪೂರ್ತಿ ಅಂಕ ಕೊಟ್ಟವನೂ ನಾನೇ. ಎರಡನ್ನೂ ನೋಡಿದ್ದು ಒಂದೇ ಕಣ್ಣು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಹೋದರೆ ತಾತಗುಣಿ ಸಿಗುತ್ತದೆ. ಅಲ್ಲಿನ ತೋಟದಲ್ಲಿ ದಶಕಗಳ ಕಾಲ ಬಾಳಿದವರು ಸ್ವೆತೊಸ್ಲಾವ್ ರೋರಿಕ್. 1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಇವರು ಹೆಸರಾಂತ ಭಾವಚಿತ್ರಕಾರರು. ತಂದೆ ನಿಕೋಲಸ್ ರೋರಿಕ್ ಕೂಡ ದೊಡ್ಡ ಕಲಾವಿದರು. ಮಗ ಅವರನ್ನು ಹಲವು ಬಾರಿ ಚಿತ್ರಿಸಿದರು. 1945ರಲ್ಲಿ ಚಿತ್ರನಟಿ ದೇವಿಕಾರಾಣಿಯವರನ್ನು ಮದುವೆಯಾದರು. ನೆಹರೂ, ರಾಧಾಕೃಷ್ಣನ್, ಇಂದಿರಾ ಗಾಂಧಿ ಅವರ ಭಾವಚಿತ್ರಗಳನ್ನು ಬರೆದದ್ದು ಇವರೇ.

ಆದರೆ ನನಗೆ ಹೆಚ್ಚು ಇಷ್ಟವಾಗುವುದು ಅವರ ಇನ್ನೊಂದು ಮುಖ. ಅವರ ಕುಟುಂಬ 1928ರಲ್ಲಿ ಹಿಮಾಲಯದ ಸಂಶೋಧನೆಗೆಂದು ಸ್ಥಾಪಿಸಿದ 'ಉರುಸ್ವತಿ' ಸಂಸ್ಥೆಯಲ್ಲಿ ರೋರಿಕ್ ಔಷಧಿ ಸಸ್ಯಗಳ ಅಧ್ಯಯನ ನಡೆಸಿದ್ದರು. ತಾತಗುಣಿಯಲ್ಲಿ ಲಿನಾಲೋ ಮರಗಳನ್ನು ಬೆಳೆಸಿದರು. ಇದು ಮೂಲತಃ ಮೆಕ್ಸಿಕೊದ ಮರ. ಇದರ ಕಾಯಿಯ ಸಿಪ್ಪೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಪರಿಮಳದ ಎಣ್ಣೆ ಸಿಗುತ್ತದೆ. ಅದರಲ್ಲಿರುವ ಲಿನಲೂಲ್ ಎಂಬ ಸಂಯುಕ್ತವೇ ನಮ್ಮ ಅಡುಗೆಮನೆಯ ಧನಿಯದಲ್ಲೂ ಇದೆ. ನಾಲ್ಕು ಕಾಳು ಜಜ್ಜಿ ಮೂಸಿ ನೋಡಿ, ಗೊತ್ತಾಗುತ್ತದೆ.

ಎಲೆಯ ನರ ಎಲ್ಲಿ ಕವಲೊಡೆಯುತ್ತದೆ, ಹುಬ್ಬಿನ ಕೆಳಗೆ ನೆರಳು ಎಲ್ಲಿ ಬೀಳುತ್ತದೆ - ಎರಡಕ್ಕೂ ಬೇಕಾದದ್ದು ತಾಳ್ಮೆಯ ನೋಟ. ವಿಜ್ಞಾನದ ಮೊದಲ ಪಾಠವೂ ಅದೇ ಅಲ್ಲವೆ?

ರೋರಿಕ್ 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಗರದ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಚಿತ್ರಗಳಿವೆ. ತಂದೆತಾಯಿಯರೇ, ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಮಗಳು ಒಂದೇ ಚಿತ್ರದ ಮುಂದೆ ನಿಂತುಬಿಟ್ಟರೆ ಕೈ ಹಿಡಿದು ಎಳೆಯಬೇಡಿ. ಎಸ್ಸೆಸ್ಸೆಲ್ಸಿ ಬಂತೆಂದು ಬಣ್ಣದ ಡಬ್ಬಿಯನ್ನು ಅಟ್ಟಕ್ಕೂ ಏರಿಸಬೇಡಿ.

ಆ ಹುಡುಗ ಆಮೇಲೆ ನೋಟ್ ಪುಸ್ತಕದಲ್ಲಿ ಯಾರ ಮುಖವನ್ನೂ ಬರೆದದ್ದನ್ನು ನಾನು ಕಾಣಲಿಲ್ಲ. ಆ ಹಾಳೆಯನ್ನು ಅವತ್ತೇ ಕೇಳಿ ಇಟ್ಟುಕೊಳ್ಳಬೇಕಾಗಿತ್ತು.